ಪ್ರೆಸ್ಸಿನ ಪ್ರೋಗ್ರಾಮ್ ಬಿಲ್ಡ್ ಆಗದ ದಿನ

2008ರ ಮಳೆಗಾಲದ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಠಾಣೆ ನಗರದ ನಮ್ಮ ಸಣ್ಣ ಆಫೀಸಿನಲ್ಲಿ ಇದ್ದವರು ನಾನು, ನನ್ನ ಕೈಕೆಳಗಿನ ಎಂಜಿನಿಯರ್ ಸುಧೀರ, ಮತ್ತು ಡೊಂಬಿವಲಿಯ ಕಾರ್ಖಾನೆಯೊಂದರ ಫೋರ್‌ಮನ್ ಬಸಪ್ಪ. ಅಲ್ಲಿಯವರೆಗೆ ಕಾರಣ ಸಿಗದ ಇಂಥ ಕಥೆ ಹೇಳುವವರನ್ನು ನಾನು ಅರ್ಧಕ್ಕೇ ತಡೆಯುತ್ತಿದ್ದೆ. ಕಾರಣವಿಲ್ಲದೆ ಯಾವ ಯಂತ್ರವೂ ಕೆಡುವುದಿಲ್ಲ ಎಂದು ನಂಬಿದವನು ನಾನು.

ಆ ಕಾರ್ಖಾನೆಯಲ್ಲಿ ತಗಡು ಒತ್ತುವ ದೊಡ್ಡ ಪ್ರೆಸ್ ಇತ್ತು. ಅದನ್ನು ನಡೆಸುವ ಪ್ರೋಗ್ರಾಮ್ ನಮ್ಮದು. ಹಿಂದಿನ ದಿನ ಪ್ರೆಸ್ ಕೆಲಸದ ನಡುವೆಯೇ ನಿಂತುಬಿಟ್ಟಿತ್ತು. ತಿದ್ದಿದ ಪ್ರೋಗ್ರಾಮನ್ನು ಸುಧೀರ ಹೋಗಿ ಹಾಕಬೇಕಿತ್ತು. ಹಾಕುವವನು ಪ್ರೆಸ್ಸಿನ ಪಕ್ಕದಲ್ಲೇ ನಿಲ್ಲಬೇಕು. ಮಧ್ಯಾಹ್ನದ ಪಾಳಿಗೆ ಪ್ರೆಸ್ ಓಡದಿದ್ದರೆ ನಿನಗೆ ಕೆಲಸವಿಲ್ಲ ಎಂದು ಮಾಲೀಕ ಬಸಪ್ಪನಿಗೆ ಹೇಳಿ ಕಳಿಸಿದ್ದ. ಜೀಪು ಕೆಳಗೆ ಕಾಯುತ್ತಿತ್ತು.

ನಮ್ಮ ಕೋಡ್ ಎಲ್ಲ ಸರ್ವರ್‌ನಲ್ಲಿ, ನೆಟ್‌ವರ್ಕ್ ಡ್ರೈವ್‌ನಲ್ಲಿ. ಯಾರೂ ತಮ್ಮ ಕಂಪ್ಯೂಟರಿಗೆ ನಕಲು ಇಳಿಸಿಕೊಂಡು ಬಿಲ್ಡ್ ಮಾಡಬಾರದು, ಅಂದರೆ ಓಡುವ ಪ್ರೋಗ್ರಾಮಾಗಿ ಕಟ್ಟಬಾರದು. ಎರಡು ನಕಲಾದರೆ ಯಾವುದು ಸರಿ ಎಂಬ ಜಗಳ. ಅದು ನಾನು ಹಾಕಿದ ನಿಯಮ. ಆ ದಿನ ಬಿಲ್ಡ್ ಮಾಡುವ ಕಂಪೈಲರ್ ಒಂದೇ ಮಾತು ಹೇಳಿತು: ಒಂದು ಫೈಲ್ ತೆರೆಯಲಾಗುತ್ತಿಲ್ಲ. ಎಡಿಟರಿನಲ್ಲಿ ಅದೇ ಫೈಲ್ ಸಲೀಸಾಗಿ ತೆರೆಯುತ್ತಿತ್ತು. ಬೇರೆ ಯಾರೂ ಅದನ್ನು ತೆರೆದಿಟ್ಟಿರಲಿಲ್ಲ. ಆಂಟಿವೈರಸ್ ನಿಲ್ಲಿಸಿದೆ, ಸರ್ವರ್‌ನ ಗಡಿಯಾರ ಹೊಂದಿಸಿದೆ, ಕೇಬಲ್ ಬದಲಿಸಿದೆ, ಸರ್ವರನ್ನೇ ಆಫ್ ಮಾಡಿ ಆನ್ ಮಾಡಿದೆ. ಅದೇ ಎರರ್.

"ಸರ್, ಕಂಪ್ಯೂಟರಿನ ಡಿಸ್ಕಿಗೆ ಕಾಪಿ ಮಾಡಿ ಬಿಲ್ಡ್ ಮಾಡುವ," ಎಂದ ಸುಧೀರ. "ನಿಮ್ಮ ನಿಯಮ ಸೋಮವಾರದಿಂದ ಪುನಃ ಶುರು ಮಾಡುವ."

ಬೇಡ ಎಂದೆ. ಬಸಪ್ಪ ಎದ್ದು ಬಂದ.

"ಸಾಹೇಬ್ರ, ನಿಮ್ಮ ಕಾಯ್ದಾ ನನ್ನ ಮಕ್ಕಳಿಗೆ ಊಟಕ್ಕ ಹಾಕ್ತೈತೇನ್ರಿ?" ಎಂದವನೇ ನನ್ನ ಕಾಲರ್ ಹಿಡಿದು ಉಕ್ಕಿನ ಕಪಾಟಿಗೆ ಅಪ್ಪಳಿಸಿದ. ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಅವನು ಇನ್ನೊಮ್ಮೆ ಅಪ್ಪಳಿಸುವಷ್ಟರಲ್ಲಿ ಸುಧೀರ ತನ್ನ ಕೀಬೋರ್ಡ್ ಕಿತ್ತು ಅವನ ಮುಖಕ್ಕೆ ಬಾರಿಸಿದ. ಕೀಲಿಗಳ ಜೊತೆ ಒಂದು ಹಲ್ಲೂ ನೆಲಕ್ಕೆ ಬಿತ್ತು. ಇಬ್ಬರೂ ಕುರ್ಚಿಗಳ ನಡುವೆ ಉರುಳಿ ಹೊಡೆದಾಡಿದರು. ಬಸಪ್ಪ ಸುಧೀರನ ಕುತ್ತಿಗೆ ಅದುಮಿದ್ದು ಕಂಡಾಗ, ಅವನನ್ನು ಬಿಡು, ಕಾಪಿ ಮಾಡಲಿ ಎಂದು ನಾನು ಕೂಗಿದೆ. ಆಗ ಬಿಟ್ಟ.

ಸುಧೀರ ಕೆಮ್ಮುತ್ತ ನನ್ನ ಕಂಪ್ಯೂಟರಿನ ಡಿಸ್ಕಿಗೆ ಕೋಡ್ ಇಳಿಸಿ ಬಿಲ್ಡ್ ಕೊಟ್ಟ. ಈಗ ನೆಟ್‌ವರ್ಕಿನ ಹಂಗೇ ಇಲ್ಲ. ಆದರೂ ಅದೇ ಫೈಲ್, ಅದೇ ಎರರ್.

ಅಷ್ಟರಲ್ಲಿ ಬಸಪ್ಪನ ಮೊಬೈಲ್ ರಿಂಗಾಯಿತು. ಡೊಂಬಿವಲಿಯಲ್ಲಿ, ನಿಂತಿದ್ದ ಪ್ರೆಸ್ ತಾನಾಗಿ ಕುಸಿದಿತ್ತು. ಬೋಲ್ಟುಗಳು ಗುಂಡಿನಂತೆ ಹಾರಿದ್ದವು. ಪ್ರೋಗ್ರಾಮ್ ಹಾಕುವ ಪೆಟ್ಟಿಗೆ ಗೋಡೆಗೆ ಬಡಿದು ಚಪ್ಪಟೆಯಾಗಿತ್ತು. ಹತ್ತಿರ ಯಾರೂ ಇರಲಿಲ್ಲ. ಎಲ್ಲರೂ ನಮ್ಮ ಜೀಪಿನ ದಾರಿ ಕಾಯುತ್ತ ಗೇಟಿನಲ್ಲಿದ್ದರು. ಬಿಲ್ಡ್ ಮೊದಲೇ ಆಗಿದ್ದರೆ ಸುಧೀರ ಆ ಹೊತ್ತಿಗೆ ಪ್ರೆಸ್ಸಿನ ಪಕ್ಕದಲ್ಲಿರುತ್ತಿದ್ದ.

ಬಸಪ್ಪ ನೆಲದ ಮೇಲೆ ಕುಳಿತ. ನಾನು ಅಭ್ಯಾಸಬಲದಿಂದ ನೆಟ್‌ವರ್ಕ್ ಡ್ರೈವಿಗೆ ಹೋಗಿ ಮತ್ತೊಮ್ಮೆ ಬಿಲ್ಡ್ ಕೊಟ್ಟೆ. ಒಂದಕ್ಷರವನ್ನೂ ತಿದ್ದಿರಲಿಲ್ಲ. ಬಿಲ್ಡ್ ಆಯಿತು.

"ಈಗ ಹೆಂಗ ಆತ್ರಿ?" ಎಂದ ಬಸಪ್ಪ.

ಗೊತ್ತಿಲ್ಲ ಎಂದೆ. ನೆಟ್‌ವರ್ಕಿನ ದೋಷವಾಗಿದ್ದರೆ ಡಿಸ್ಕಿನಲ್ಲಿ ಬಿಲ್ಡ್ ಆಗಬೇಕಿತ್ತು. ಕೋಡಿನ ದೋಷವಾಗಿದ್ದರೆ ಆಮೇಲೂ ಆಗಬಾರದಿತ್ತು.

ಅದೇ ಜೀಪಿನಲ್ಲಿ ಮೂವರೂ ಹತ್ತಿರದ ಕೋಪರಿಯ ಡಾಕ್ಟರರ ಬಳಿ ಹೋದೆವು. ಏನಾಯಿತು ಎಂದು ಅವರು ಕೇಳಿದಾಗ, ಜೀಪಿಗೆ ಬ್ರೇಕ್ ಜೋರಾಗಿ ಬಿತ್ತು ಎಂದ ಬಸಪ್ಪ. ನಾವಿಬ್ಬರೂ ಹೌದೆಂದೆವು. ನನ್ನ ಹುಬ್ಬಿಗೆ ಹೊಲಿಗೆ ಹಾಕುವಾಗ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ನಿಂತವನು ಅವನೇ. ಹೊಲಿಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಅವನು ಕೈ ತೆಗೆಯಲಿಲ್ಲ.