ಮಹಬೂಲಾದ ಮನೆಗೆ ಇನ್ನೊಂದು ವರ್ಷ

ಕುವೈತಿಗೆ ಬಂದಿಳಿದ ದಿನ ಗಂಡ ರೋಶನ್ ಮಹಬೂಲಾ ಎಂಬ ಬಡಾವಣೆಯಲ್ಲಿ ‘ಇದೇ ನಮ್ಮ ಮನೆ’ ಎಂದು ಬಾಗಿಲು ತೆರೆದರೆ, ಅಡುಗೆಮನೆಯಲ್ಲಿ ನನಗೆ ಗುರುತೇ ಇಲ್ಲದ ಹೆಂಗಸೊಬ್ಬರು ಬಂಗುಡೆ ಹುರಿಯುತ್ತಿದ್ದರು. ಪೆಟ್ಟಿಗೆ ಕೈಯಲ್ಲಿ ಹಿಡಿದೇ ನಿಂತೆ. ಅವರು ಸಟ್ಟುಗ ಎತ್ತಿ, “ಬಾ ಹೆಣೆ, ಕೈಕಾಲ್ ತೊಳ್ಕೊ, ಉಂಬುಕೆ ಬಾ” ಎಂದರು. ನನ್ನ ಮನೆಗೆ ನನ್ನನ್ನೇ ಊಟಕ್ಕೆ ಕರೆಯುವ ಇವರಾರು ಎಂದು ಮೈ ಉರಿಯಿತು.

ಅವರು ಸುಮತಿ ಅಕ್ಕ, ಕುಂದಾಪುರದ ಕಡೆಯವರು, ದಂತವೈದ್ಯರ ಕ್ಲಿನಿಕ್ಕಿನಲ್ಲಿ ನರ್ಸ್. ಇಲ್ಲಿ ಇದನ್ನು ‘ಶೇರಿಂಗ್’ ಎನ್ನುತ್ತಾರೆ. ಎರಡು ಕೋಣೆಯ ಮನೆಯಲ್ಲಿ ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಬೇರೆಯವರು, ಅಡುಗೆಮನೆ ಇಬ್ಬರಿಗೂ. ಊರಿನಲ್ಲಿ ಅಣ್ಣ ತಮ್ಮಂದಿರೇ ಒಂದು ಒಲೆಯಲ್ಲಿ ಬಾಳುವುದಿಲ್ಲ. ಇಲ್ಲಿ ಕ್ರಿಸ್ತನ ಪಟ, ದೇವಿ ಭ್ರಾಮರಿಯ ಪಟ ಎದುರುಬದುರು ಕೋಣೆಗಳಲ್ಲಿ ತೂಗಿದ್ದವು. ಆರು ವರ್ಷದಲ್ಲಿ ಜಗಳ ಆದದ್ದು ಹುಳಿ ಹೆಚ್ಚಾಯಿತೆಂಬ ಒಂದೇ ವಿಷಯಕ್ಕೆ. ಮಗಳು ರಿಯಾ ಹುಟ್ಟಿದಾಗ ಎಣ್ಣೆ ಹಚ್ಚಿ ಮೀಯಿಸಿದವರು ಅವರೇ. ನನ್ನ ಅಮ್ಮನಿಗೆ ವೀಸಾ ಆಗಿರಲಿಲ್ಲ.

ಬಾಡಿಗೆ ಕರಾರು ರೋಶನ್ ಹೆಸರಿನಲ್ಲಿತ್ತು. ವರ್ಷವರ್ಷವೂ ಅದನ್ನು ಮುಂದುವರಿಸಬೇಕು. ಕರಾರಿಲ್ಲದಿದ್ದರೆ ವಿಳಾಸವಿಲ್ಲ, ವಿಳಾಸವಿಲ್ಲದಿದ್ದರೆ ಗುರುತಿನ ಚೀಟಿಗೆ ತೊಂದರೆ, ಆಮೇಲೆ ಮಗಳ ಶಾಲೆ, ಇಲ್ಲಿರಲು ಬೇಕಾದ ನಮ್ಮ ಇಕಾಮಾ ಪರವಾನಗಿ ಎಲ್ಲಕ್ಕೂ ಕುತ್ತು. ಈ ಸಲ ಮಾಲೀಕರ ಆಫೀಸಿನಿಂದ ಹೊಸ ಷರತ್ತು ಬಂತು: ಒಂದೇ ಸಂಸಾರ ಇರಬೇಕು, ಶೇರಿಂಗ್ ಇದ್ದರೆ ಖಾಲಿ ಮಾಡಿ. ಗುರುವಾರ ಅವರ ಮನುಷ್ಯ ಬಂದು ನೋಡಿಯೇ ಸಹಿ ಹಾಕುವುದಂತೆ.

“ಗುರುವಾರ ನಾನ್ ಹೊರಗೆ ತಿರುಗ್ತೆ ಬಿಡ್, ಅವ ಬಂದ್ ಹೋಯ್ಲಿ” ಎಂದು ಅಕ್ಕನೇ ಉಪಾಯ ಹೇಳಿದ್ದರು.

ಆ ಮನುಷ್ಯ ಬುಧವಾರವೇ ಬಂದ. ಜೊತೆಗೆ ನಮ್ಮ ಹಾರಿಸ್, ಅಂದರೆ ಕಟ್ಟಡ ಕಾಯಲು ಹಿಂದಿನ ವಾರವಷ್ಟೇ ಸೇರಿದ್ದ ಬಂಗಾಲಿ ಭಾಯಿ. ರೋಶನ್ ಶುಐಬಾದಲ್ಲಿ ಕೆಲಸದಲ್ಲಿದ್ದರು. ನಾನು ಆಸ್ಪತ್ರೆಯ ಲ್ಯಾಬಿನಿಂದ ಆಗಷ್ಟೇ ಬಂದು ಇಸ್ತ್ರಿ ಬಟ್ಟೆಯಲ್ಲೇ ಇದ್ದೆ. ರಜೆಯಲ್ಲಿದ್ದ ಅಕ್ಕ ಹಳೆಯ ನೈಟಿ ಹಾಕಿ, ತಲೆಗೆ ಬೈರಾಸು ಕಟ್ಟಿ, ಮೀನು ಕೊಯ್ಯುತ್ತಿದ್ದರು. ಆಫೀಸಿನವ ಅವರತ್ತ ಗದ್ದ ಎತ್ತಿ, ಇದು ಯಾರು ಎಂದು ಅರಬಿಯಲ್ಲಿ ಕೇಳಿದ.

“ಖದ್ದಾಮಾ” ಎಂದೆ. ಮನೆಗೆಲಸದವಳು.

ಯಾರೂ ಹೇಳಿಕೊಟ್ಟದ್ದಲ್ಲ. ‘ಉಖ್ತಿ’, ನನ್ನ ಅಕ್ಕ, ನೋಡಲು ಬಂದಿದ್ದಾಳೆ ಎನ್ನಬಹುದಿತ್ತು. ಆ ಪದವೂ ನನಗೆ ಗೊತ್ತಿತ್ತು, ಲ್ಯಾಬಿನಲ್ಲಿ ದಿನಾ ಕೇಳುತ್ತೇನೆ. ಬಾಯಿಗೆ ಬಂದದ್ದು ಇದು.

ಅಕ್ಕನಿಗೆ ನನಗಿಂತ ಚೆನ್ನಾಗಿ ಅರಬಿ ಬರುತ್ತದೆ. ಅವರು ಕತ್ತಿ ಕೆಳಗಿಟ್ಟು ಕೈ ತೊಳೆದರು. ಎರಡು ಲೋಟ ಚಹಾ ತಟ್ಟೆಯಲ್ಲಿಟ್ಟು ತಂದರು. ಕೊಟ್ಟಾದ ಮೇಲೆ ತಲೆ ತಗ್ಗಿಸಿ ಅಡುಗೆಮನೆಯ ಬಾಗಿಲಿಗೆ ಸರಿದು ನಿಂತರು. ಆತ ಅವರ ಕೋಣೆಗೆ ಇಣುಕಿ ನಕ್ಕ. ಕೆಲಸದವಳಿಗೂ ಇಷ್ಟು ಒಳ್ಳೆಯ ಕೋಣೆಯೇ, ನೀವು ಒಳ್ಳೆಯ ಜನ ಎಂದ. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಸಹಿ ಆಯಿತು. ಅವರು ಹೋದ ಮೇಲೆ ನಾನು ಅಳತೊಡಗಿದೆ.

“ಎಂತಕೆ ಮರ್ಕ್ತೆ? ಮನೆ ಉಳೀತಲೆ” ಎಂದರು ಅಕ್ಕ, ಮೀನಿನತ್ತಲೇ ನೋಡುತ್ತಾ. ನಮ್ಮ ಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ರಿಯಾ ಮಾತ್ರ ಎಂದಿನಂತೆ ಇಂಗ್ಲಿಷಿನಲ್ಲಿ, “ಮಮ್ಮಾ, ವೈ ಡಿಡ್ ಯು ಸೇ ದಟ್?” ಎಂದಳು. ಹೋಮ್‌ವರ್ಕ್ ಮಾಡು ಹೋಗು ಎಂದು ಗದರಿದೆ.

ಹೆದರಿ ಹಾಗೆಂದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ನಮ್ಮ ತಾಯಿಮನೆಯಲ್ಲಿ ಕೆಲಸಕ್ಕೆ ಬರುತ್ತಿದ್ದ ಕುಸುಮಳ ಚಹಾದ ಲೋಟ ಹಿತ್ತಿಲಿನ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಅವಳು ಬಾಗಿಲಾಚೆ ನಿಂತೇ ಕುಡಿಯುತ್ತಿದ್ದಳು, ನಾವು ಮಕ್ಕಳು ಅವಳನ್ನು ಏಕವಚನದಲ್ಲೇ ಕೂಗುತ್ತಿದ್ದೆವು. ಪದ ಕುವೈತಿನದು, ಅದನ್ನಷ್ಟು ಸಲೀಸಾಗಿ ಹೇಳುವ ಅಭ್ಯಾಸ ನಾನು ಊರಿನಿಂದಲೇ ಹೊತ್ತು ತಂದದ್ದು. ಇಲ್ಲಿಯವರು ನಮ್ಮನ್ನು ಕೀಳಾಗಿ ಕಾಣುತ್ತಾರೆ ಎಂದು ಫೋನಿನಲ್ಲಿ ಗೋಳಾಡುತ್ತಿದ್ದವಳೂ ನಾನೇ.

ಶುಕ್ರವಾರದ ಪೂಜೆಗೆ ಹೋದಾಗ ಪಾಪನಿವೇದನೆಯಲ್ಲಿ ‘ಒಂದು ಸುಳ್ಳು ಹೇಳಿದೆ ಫಾದರ್’ ಎಂದೆ. ಯಾವ ಸುಳ್ಳೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಪೂರ್ತಿ ಹೇಳಿದೆ. “ಅದರಲ್ಲೇನು ಬಾಯೆ? ಮನೆ ಸಿಕ್ಕಿತಲ್ಲ” ಎಂದು ಅಮ್ಮ ಕೊಂಕಣಿಯಲ್ಲಿ ಸಮಾಧಾನ ಮಾಡಿದಳು. ಬೈಯುವಳೆಂದೇ ಫೋನ್ ಮಾಡಿದ್ದೆ. ಊರು ಹಾಗೆ ಸಲೀಸಾಗಿ ಕ್ಷಮಿಸಿದ್ದು ನನಗೆ ಹಿಡಿಸಲಿಲ್ಲ.

ಅಕ್ಕ ಅದೇ ತಿಂಗಳ ಕೊನೆಗೆ ಕ್ಲಿನಿಕ್ಕಿನ ಹತ್ತಿರ ಕೋಣೆ ಸಿಕ್ಕಿತೆಂದರು. “ಬಸ್ಸಿನ್ ರಗಳೆ ಇಲ್ಲೆ ಕಾಣ್” ಎಂದರು. ಕ್ಷಮಿಸಿ ಎಂದು ಹೇಳಲು ನಾನು ಮೂರು ಸಲ ಅವರ ಬಾಗಿಲಿಗೆ ಹೋಗಿ, ಮೂರು ಸಲವೂ ಉಪ್ಪಿನಕಾಯಿ ಬೇಕಾ, ಡಬ್ಬ ಬೇಕಾ ಎಂದು ಕೇಳಿ ಬಂದೆ. ಹೊರಟ ದಿನ ನಾನು ಕೆಲಸದಲ್ಲಿದ್ದೆ. ರಜೆ ಕೇಳಿದ್ದರೆ ಸಿಗುತ್ತಿತ್ತು.

ಸಂಜೆ ಕೆಳಗೆ ಹಾರಿಸ್ ನನ್ನನ್ನು ತಡೆದು ಕೀಲಿಕೈ ಕೊಟ್ಟ.

“ಮದಾಮ್, ಆಪ್ ಕಾ ಖದ್ದಾಮಾ ಚಾಬಿ ದಿಯಾ. ಬೋಲಾ, ಮೇರಾ ಮದಾಮ್ ಬಹುತ್ ಅಚ್ಛಾ.”

ನಿಮ್ಮ ಕೆಲಸದವಳು ಕೊಟ್ಟಳು, ನನ್ನ ಯಜಮಾನಿ ತುಂಬ ಒಳ್ಳೆಯವರು ಎಂದಳು. ನಮ್ಮ ಕರಾರು ಕೆಡದಿರಲೆಂದು ಅಕ್ಕ ನನ್ನ ಸುಳ್ಳನ್ನು ಕಟ್ಟಡದ ಗೇಟಿನವರೆಗೂ ಹೊತ್ತಿದ್ದರು. ಅಲ್ಲ ಭಾಯಿ, ಅವರು ನನ್ನ ಅಕ್ಕ ಎನ್ನಲು ಆ ಕ್ಷಣ ಇತ್ತು, ಅವನಿಗೆ ಅರ್ಥವಾಗುವ ಹಿಂದಿಯೂ ನನಗೆ ಬರುತ್ತಿತ್ತು.

ಇನ್ನೊಂದು ವರ್ಷ ಈ ಮನೆ ನಮ್ಮದು. ನಾನು “ಶುಕ್ರಿಯಾ” ಎಂದು ಕೀಲಿಕೈ ತೆಗೆದುಕೊಂಡು ಲಿಫ್ಟ್ ಹತ್ತಿದೆ.