ಹಿಟ್ಟು ಅದೇ ಅದ ಎಂದಿದ್ದೆ

ಹಿಟ್ಟು ಹಳೆಯದಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಹತ್ತು ಮಂದಿ ಉಣ್ಣುತ್ತ ಕುಳಿತಿದ್ದಾಗ, ನಮ್ಮ ಖಾನಾವಳಿಯಲ್ಲಿ ಒಂಬತ್ತು ವರ್ಷ ರೊಟ್ಟಿ ಬಡಿದ ನೀಲವ್ವಳಿಗೆ 'ನಿನ್ನ ಕೈ ಕೆಟ್ಟಾವ' ಎಂದೆ. ಮೂರು ವರ್ಷವಾಯಿತು. ಬಾಯಿ ತಪ್ಪಿ ಬಂದ ಮಾತು ಅದು ಎಂದು ಬರೆಯಬೇಕೆಂದು ಎಷ್ಟು ಆಸೆಯಾಗುತ್ತದೆಂದರೆ — ಆದರೆ ತಪ್ಪಿ ಬಂದಿರಲಿಲ್ಲ. ನಾಲ್ಕು ದಿನ ಮೊದಲೇ ಬಾಯಲ್ಲಿ ಇಟ್ಟುಕೊಂಡು ತಿರುಗಿದ್ದೆ.

ಮರಾಠಿ ಸೀಮೆಯ ಹಡಪಸರದಲ್ಲಿ ನಮ್ಮದು ಜೋಳದ ರೊಟ್ಟಿ ಊಟದ ಸಣ್ಣ ಖಾನಾವಳಿ. ನಾನೂ ನನ್ನ ಗಂಡನೂ ಇಂಡಿ ಕಡೆಯವರು. ಇಲ್ಲಿಗೆ ಬಂದು ಮೊದಲು ನಾನೇ ರೊಟ್ಟಿ ಮಾಡುತ್ತಿದ್ದೆ. ಗಿರಾಕಿ ಹೆಚ್ಚಾದ ಮೇಲೆ ನೀಲವ್ವ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ನನ್ನನ್ನು 'ಅಕ್ಕಾರ' ಎನ್ನುತ್ತಿದ್ದಳು. ಅವಳ ಗಂಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸದವನು. ಎಸರಿನ ನೀರು ಹೊಯ್ದು, ಕೈ ಸುಡುತ್ತಿರುವಾಗಲೇ ಹಿಟ್ಟು ನಾದಿ, ಎರಡೂ ಅಂಗೈಯಿಂದ ಬಡಿಯುತ್ತಿದ್ದಳು. ರಸ್ತೆಯಲ್ಲಿ ಹೋಗುವವರು ಆ ಸಪ್ಪಳ ಕೇಳಿಯೇ ಒಳಗೆ ಬಂದು ಕೂಡುತ್ತಿದ್ದರು. ಬೋರ್ಡ್ ಓದಿ ಬಂದವರು ಕಡಿಮೆ. ಇದನ್ನೂ ಅವಳಿಗೆ ನಾನು ಒಮ್ಮೆಯೂ ಹೇಳಲಿಲ್ಲ — ಹೇಳಿದರೆ ಪಗಾರ ಹೆಚ್ಚು ಕೇಳಿಯಾಳು ಎಂಬ ಅಂಜಿಕೆ. ಎಂಥ ಬುದ್ಧಿ ನೋಡಿ ನನ್ನದು!

ಆ ವರ್ಷ ಎಲ್ಲವೂ ಒಮ್ಮೆಲೇ ಮೈಮೇಲೆ ಬಿತ್ತು. ಬಾಡಿಗೆ ಏರಿತು, ಗ್ಯಾಸ್ ಏರಿತು. ಸುತ್ತಲಿನ ಹೊಸ ಸೊಸೈಟಿಗಳಲ್ಲಿ ಮನೆಗೆಲಸಕ್ಕೆ ಒಳ್ಳೆ ಪಗಾರ ಸಿಗುತ್ತಿತ್ತು. ನಮ್ಮಲ್ಲಿ ಪಲ್ಯ ಮಾಡುವವಳು, ಭಾಂಡೆ ತಿಕ್ಕುವವಳು ಇಬ್ಬರೂ 'ನೀವೂ ಅಷ್ಟು ಕೊಡ್ರಿ, ಇಲ್ಲಂದ್ರ ಬಿಡ್ತೀವಿ' ಎಂದು ನಿಂತರು. ಅವರ ಮಾತಿನಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ಆದರೆ ಕೊಡುವುದು ಎಲ್ಲಿಂದ? ಅದೇ ಹೊತ್ತಿಗೆ ಹತ್ತಿರದ ಐಟಿ ಕಂಪನಿಗಳು ಜನರನ್ನು ಮನೆಗೆ ಕಳಿಸತೊಡಗಿದವು. ನಮ್ಮಲ್ಲಿ ತಿಂಗಳ ಊಟ ಹಚ್ಚಿದ್ದ ಹುಡುಗರು ಒಬ್ಬೊಬ್ಬರಾಗಿ ಊರಿಗೆ ಹೋದರು. ಇತ್ತ ಕೆಲಸದವರ ಖರ್ಚು ಏರುತ್ತದೆ, ಅತ್ತ ಉಣ್ಣುವವರು ಇಳಿಯುತ್ತಾರೆ — ತಲೆ ಕೆಟ್ಟು ಹೋಗುತ್ತಿತ್ತು. ಗಂಡನ ಮೇಲೆ ರೇಗುತ್ತಿದ್ದೆ, ಪಾತ್ರೆ ಕುಕ್ಕುತ್ತಿದ್ದೆ, ನೀರು ಚೆಲ್ಲಿದ ಗಿರಾಕಿಗೂ ಗುರ್ ಎನ್ನುತ್ತಿದ್ದೆ.

ಇಬ್ಬರಿಗೂ ಪಗಾರ ಏರಿಸಿದೆ. ನೀಲವ್ವ ಮಾತ್ರ ಏನೂ ಕೇಳಲಿಲ್ಲ. ಕೇಳದೇ ಇದ್ದವಳನ್ನೇ ತೆಗೆಯಬೇಕೆಂದು ನನಗೆ ಹೊಳೆಯಿತು. ಸೊಲ್ಲಾಪುರದ ಕಡೆಯಿಂದ ಯಂತ್ರದಲ್ಲಿ ಮಾಡಿದ ಖಡಕ್ ರೊಟ್ಟಿ ಪ್ಯಾಕೆಟ್‌ನಲ್ಲಿ ಬರುತ್ತದೆ. ಅದನ್ನೇ ತರಿಸಿದರೆ ರೊಟ್ಟಿಯವಳು ಬೇಡ, ಒಂದು ಒಲೆಯ ಗ್ಯಾಸೂ ಉಳಿಯಿತು. ಪಲ್ಯವನ್ನು ಪ್ಯಾಕೆಟ್‌ನಲ್ಲಿ ತರಲಾಗುವುದಿಲ್ಲವಲ್ಲ! ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹೇಳುವುದು ಹೇಗೆ ಎಂಬುದೊಂದೇ ಉಳಿದದ್ದು.

ಆ ದಿನಗಳಲ್ಲೇ ಪ್ರಶಾಂತ ಎಂಬ ಹುಡುಗ, ಮೈಸೂರಿನವನು, ನಮ್ಮ ಖಾಯಂ ಗಿರಾಕಿ, ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ. ಏನಾಯಿತೋ ಎಂದು ಕೇಳಿದೆ.

"ಕೆಲ್ಸ ಹೋಯ್ತು ಆಂಟಿ. ಹೋದ್ರೆ ಹೋಗ್ಲಿ. ಕಾಸ್ಟ್ ಕಟಿಂಗ್ ಅಂತ ಹೇಳಿದ್ರೆ ನಾನೂ ಒಪ್ಕೊತಿದ್ದೆ. ನಿನ್ ಪರ್ಫಾರ್ಮೆನ್ಸ್ ಸರಿ ಇಲ್ಲ ಅಂದ್ರು. ಹೋದ್ ವರ್ಷ ಅವರೇ ಅವಾರ್ಡ್ ಕೊಟ್ಟಿದ್ರು. ಈಗ ನಂಗೇ ಡೌಟ್ ಬರ್ತಿದೆ — ನಿಜವಾಗ್ಲೂ ನಂಗೇನೂ ಬರಲ್ವೇನೋ ಅಂತ."

ಅವನ ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದೆ. ಅವರ ಬಾಯಲ್ಲಿ ಹುಳ ಬೀಳಲಿ ಎಂದೆ. ಅವನಿಗೆ ಎರಡು ಬಿಸಿ ರೊಟ್ಟಿ ಹೆಚ್ಚು ಹಾಕಿಸಿ, ದುಡ್ಡು ಬೇಡ ಎಂದೆ. ನೀಲವ್ವಳೇ ತಂದು ಬಡಿಸಿದಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ — ಬೈಯುತ್ತಿದ್ದಾಗಲೇ ನನ್ನ ತಲೆಯ ಒಂದು ಮೂಲೆ ಪಾಠ ಕಲಿಯುತ್ತಿತ್ತು. ತೆಗೆಯುವವರು ತಪ್ಪು ಮಾಡಿದಂತೆ ಕಾಣಬಾರದು; ಹೋಗುವವರದೇ ತಪ್ಪು ಎನ್ನಿಸಬೇಕು. ಕಂಪನಿಯವರಿಗೂ ಅದೇ ಬೇಕಿತ್ತು, ನನಗೂ ಅದೇ ಬೇಕಾಯಿತು.

ಹಿಟ್ಟಿನ ವಿಷಯ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಎಷ್ಟು ನಾದಿದರೂ ಒಂದಕ್ಕೊಂದು ಹತ್ತುವುದಿಲ್ಲ, ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ನಮ್ಮಲ್ಲಿ ಚಿಕ್ಕ ಹುಡುಗಿಯರಿಗೂ ಇದು ಗೊತ್ತು. ಖರ್ಚು ಉಳಿಸಲು ನಾನು ಗಿರಣಿಯವನ ಹತ್ತಿರ ತಿಂಗಳುಗಟ್ಟಲೆ ಬಿದ್ದಿದ್ದ ಹಿಟ್ಟನ್ನು ಅಗ್ಗಕ್ಕೆ ತರಿಸಿದ್ದೆ. ತಂದವನು ಗಂಡ. ಯಾವಾಗಲೂ ಬರುವ ಚೀಲದಲ್ಲೇ ಸುರುವಿಸಿದವಳು ನಾನು. ಮೊದಲು ಉಳಿತಾಯದ ಯೋಚನೆ ಒಂದೇ ಇತ್ತು, ದೇವರಾಣೆ. ಆದರೆ ರೊಟ್ಟಿ ಮುರಿಯಲು ಶುರುವಾದಾಗ ಚೀಲ ಬದಲಿಸಬಹುದಿತ್ತು. ಬದಲಿಸಲಿಲ್ಲ.

ನೀಲವ್ವ ಒದ್ದಾಡಿದಳು. ನೀರು ಇನ್ನಷ್ಟು ಕುದಿಸಿದಳು. ಬೆಳಿಗ್ಗೆ ಒಂದು ತಾಸು ಮುಂಚೆ ಬಂದು ನಾದತೊಡಗಿದಳು. ಮೂರನೆಯ ದಿನ ಬಲಗೈ ಮಣಿಕಟ್ಟಿಗೆ ಕರಿದಾರ ಕಟ್ಟಿಕೊಂಡು ಬಂದಳು. "ಯಾರದರೆ ದೃಷ್ಟಿ ತಾಕ್ಯದ ಏನೋರಿ" ಎಂದು ನಕ್ಕಳು. ಆ ದಿನ ನನ್ನ ಗಂಡ ಒಳಗೆ ಕರೆದು, "ಆಕಿಗೆ ಹೇಳಿಬಿಡು, ಪಾಪ" ಎಂದ. "ನೀವು ಸುಮ್ಮ ಕೂಡ್ರಿ" ಎಂದೆ.

ಮರುದಿನ ಮಧ್ಯಾಹ್ನ, ಊಟದ ಗದ್ದಲದಲ್ಲಿ, ಟೆಂಪೋ ಓಡಿಸುವ ಒಬ್ಬ ಗಿರಾಕಿ ರೊಟ್ಟಿಯ ಚೂರನ್ನು ತಟ್ಟೆಗೆ ಒಗೆದ. "ಏನ್ ರೊಟ್ಟಿರಿ ಇವು? ಮುಟ್ಟಿದ್ರ ಮುರೀತಾವ!" ನೀಲವ್ವ ಹಿಟ್ಟಿನ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದಳು.

"ಅಕ್ಕಾರ, ಹಿಟ್ಟಿನಾಗ ಜಿಗಿ ಇಲ್ರಿ. ಹಳೀದು ಅದ ಏನೋ, ಒಂದಿಷ್ಟು ನೋಡ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ಬಾಯಲ್ಲಿ ಇಟ್ಟುಕೊಂಡಿದ್ದನ್ನು ಆಗ ಉಗುಳಿದೆ.

"ಹಿಟ್ಟು ಅದೇ ಅದ, ನೀಲವ್ವಾ. ನಿನ್ನ ಕೈ ಕೆಟ್ಟಾವ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ!"

ಉಣ್ಣುತ್ತಿದ್ದವರು ನಕ್ಕರು. ಕೆಟ್ಟವರೇನಲ್ಲ ಅವರು, ಗಾದೆಗೆ ನಕ್ಕರು. ನೀಲವ್ವ ಕೈಗಳನ್ನು ಮುಂದೆ ಹಿಡಿದು, ಮಗುಚಿ, ಮತ್ತೆ ಮಗುಚಿ ನೋಡಿಕೊಂಡಳು. ಆಮೇಲೆ ಒಳಗೆ ಹೋಗಿ ಉಳಿದ ಹಿಟ್ಟು ಮುಗಿಸಿದಳು.

ವಾರ ತುಂಬುವುದರೊಳಗೆ ತಾನೇ ಬಂದು ಹೇಳಿದಳು: "ನನ್ನಿಂದ ನಿಮ್ಮ ಧಂದೆ ಕೆಡೂದು ಬ್ಯಾಡ್ರಿ ಅಕ್ಕಾರ. ಬೇರೆದವರನ್ನ ನೋಡ್ಕೋರಿ." ನಾನು — ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು — 'ಇರು ನೀಲವ್ವಾ' ಎಂದು ಒಮ್ಮೆ ಅಂದೆ. ಬಾಯಿಮಾತಿಗೆ. ಅವಳು ಅದನ್ನೂ ನಂಬಿ ಕಣ್ಣೊರೆಸಿಕೊಂಡಳು. ಮರುದಿನವೇ ಪ್ಯಾಕೆಟ್ ರೊಟ್ಟಿ ಬಂತು. ಉಳಿದ ಅರ್ಧ ಚೀಲ ಹಿಟ್ಟನ್ನು ಎಮ್ಮೆ ಸಾಕಿದವರೊಬ್ಬರು ಒಯ್ದರು.

ಖಾನಾವಳಿ ಉಳಿಯಿತು. ಹೇಗೆ ಉಳಿಯಿತು ಎಂದು ಕೇಳಬೇಡಿ. ಸಪ್ಪಳ ನಿಂತ ಮೇಲೆ ರಸ್ತೆಯ ಗಿರಾಕಿಗಳು ಕಡಿಮೆಯಾದರು. ಪ್ಯಾಕೆಟ್ ರೊಟ್ಟಿ ತಿನ್ನಲು ನಮ್ಮಲ್ಲಿಗೇ ಯಾಕೆ ಬರಬೇಕು? ಭಾಂಡೆ ತಿಕ್ಕುವವಳು ಕೊನೆಗೂ ಬಿಟ್ಟೇ ಹೋದಳು, ಈಗ ನಾನೇ ತಿಕ್ಕುತ್ತೇನೆ. ಇದು ನನಗಾದ ಶಿಕ್ಷೆ ಎಂದು ಯಾರಾದರೂ ಅಂದರೆ ಸಿಟ್ಟು ಬರುತ್ತದೆ. ಸೊಂಟ ನೋವು ಶಿಕ್ಷೆಯಲ್ಲ.

ಈ ಸಲ ಭೋಗಿಯ ದಿನ ಮಾರ್ಕೆಟ್ಟಿಗೆ ಹೋಗಿದ್ದೆ. ಸಂಕ್ರಾಂತಿಯ ಹಿಂದಿನ ದಿನ ನಮ್ಮಲ್ಲಿ ಯಾವ ಮನೆಯಲ್ಲಾದರೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಲೇಬೇಕು, ಬಡವಿಯೂ ಮಾಡುತ್ತಾಳೆ. ಕಿರಾಣಿ ಅಂಗಡಿಯ ಮುಂದೆ ನೀಲವ್ವ ನಿಂತಿದ್ದಳು. ಎಷ್ಟು ಬೇಕೆಂದು ಅಂಗಡಿಯವ ಮರಾಠಿಯಲ್ಲಿ 'ಕಿತಿ ಪಾಹಿಜೆ?' ಎಂದ. 'ದೋನ್ ದ್ಯಾ', ಎರಡು ಕೊಡಿ, ಎಂದಳು. ಅವನು ಕೈಗಿಟ್ಟದ್ದು ಎರಡು ಪ್ಯಾಕೆಟ್ ರೊಟ್ಟಿ.

ನೀಲವ್ವ — ಪ್ಯಾಕೆಟ್ ರೊಟ್ಟಿ — ಭೋಗಿಯ ದಿನ!

"ಯಾಕ ನೀಲವ್ವಾ, ಮನ್ಯಾಗ ಮಾಡಿಲ್ಲೇನು?" ಎಂದು ಕೇಳಿಯೇ ಬಿಟ್ಟೆ. ಕೇಳುವ ಬಾಯಿ ನನ್ನದು!

"ಬಿಟ್ಟೇನ್ರಿ ಅಕ್ಕಾರ. ಆವತ್ತಿನಿಂದ ಹಿಟ್ಟು ಮುಟ್ಟಿಲ್ಲ. ಸೊಸಿನೂ ಅಂತಾಳ, ಖಾನಾವಳ್ಯಾಗ ಬ್ಯಾಡಾದ ಕೈ ಮನ್ಯಾಗ ಯಾಕ ಅಂತ. ಈಗ ಆಫೀಸಿನಾಗ ನೆಲಾ ಒರಸ್ತೀನಿ. ನೀವು ಹೇಳಿದ್ದು ಭಾಳ ಛಲೋ ಆತು ಬಿಡ್ರಿ. ಬ್ಯಾರೆ ಕಡೆ ಹೋಗಿ ಮಾಡಿದ್ರ ಮಂದಿ ನಗತಿದ್ರು."

ಮಣಿಕಟ್ಟಿನಲ್ಲಿ ಕರಿದಾರ ಹಾಗೇ ಇತ್ತು. 'ಛಲೋ ಆತು' ಎಂದು ನನಗೆ ಹೇಳಿದಳು. ನನಗೆ! ಅಲ್ಲೇ ಹೇಳಬಹುದಿತ್ತು. ಹಬ್ಬದ ದಿನ ಬೇಡ ಎಂಬ ಸಬೂಬು ಹುಡುಕಿಕೊಂಡು ಮನೆಗೆ ಬಂದೆ.

ಎಂಟು ದಿನ ಬಿಟ್ಟು ಅವಳಿದ್ದ ಚಾಳಿಗೆ, ಆ ಸಾಲುಮನೆಗಳ ವಠಾರಕ್ಕೆ, ಹೋದೆ. ಹೊಸ ಜೋಳ ಬೀಸಿಸಿ ಹಿಟ್ಟು ಒಯ್ಯಬೇಕೆಂದುಕೊಂಡಿದ್ದೆ. ಅದೂ ಒಂದು ನಾಟಕವೇ ಅನ್ನಿಸಿ ಬರಿಗೈಲಿ ಹೋದೆ. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ — ಗಿರಣಿ, ಚೀಲ, ಪ್ಯಾಕೆಟ್, ಎಲ್ಲ. ನೀಲವ್ವ ಅಳುತ್ತಾಳೆ, ಆಮೇಲೆ 'ಇರಲಿ ಬಿಡ್ರಿ' ಎನ್ನುತ್ತಾಳೆ ಎಂದು ಒಳಗೊಳಗೇ ಕಾಯುತ್ತಿದ್ದೆ. ಒಂಬತ್ತು ವರ್ಷದಲ್ಲಿ ಅವಳ ಮುಖದಲ್ಲಿ ಸಿಟ್ಟು ಕಂಡವಳಲ್ಲ ನಾನು. ಆ ದಿನ ಕಂಡೆ.

"ನಾ ಹೇಳಿದ್ದೆ. ಹಿಟ್ಟಿನಾಗ ಜಿಗಿ ಇಲ್ಲಂತ ನಾ ಆವತ್ತ ಹೇಳಿದ್ದೆ." ಹೊಸ್ತಿಲ ತನಕ ಬಂದು, "ಪಗಾರ ಕೊಡಾಕ ಆಗಂಗಿಲ್ಲ ನೀಲವ್ವಾ ಅಂದಿದ್ರ ಎದ್ದು ಹೋಗತಿದ್ದೆ. ಅರ್ಧಾ ಕೊಡ್ತೀನಿ ಅಂದಿದ್ರ ಅರ್ಧಕ್ಕ ಇರತಿದ್ದೆ. ಕೆಲಸ ಕಸ್ಕೊಳ್ರಿ, ಅದು ನಿಮ್ದು. ಕೈ ಯಾಕ ಕಸ್ಕೊಂಡ್ರಿ?"

ತಪ್ಪಾಯಿತು ಎಂದೆ.

"ನನಗೊಬ್ಬಾಕಿಗೆ ಹೇಳಿದ್ರ ಏನ್ ಬಂತು? ಮಂದಿ ಮುಂದ ಅಂದಿದ್ರಿ. ಮಂದಿ ಮುಂದ ಹೇಳ್ರಿ."

'ಕೂಡ್ರಿ' ಎನ್ನಲಿಲ್ಲ, ಚಹಾ ಕೇಳಲಿಲ್ಲ. ಕೇಳದಿದ್ದದ್ದೇ ಸರಿ.

ಅದಕ್ಕೆ ಇದನ್ನು ಬರೆದಿದ್ದೇನೆ. ಬಾಯಿಂದ ಹೇಳಹೋದರೆ ಎಲ್ಲಿ ನುಣುಚಿಕೊಳ್ಳುತ್ತೇನೋ ಎಂದು ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಬರುವ ಭಾನುವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ನಮ್ಮ ಖಾನಾವಳಿಯಲ್ಲಿ ನಿಂತು ಓದುತ್ತೇನೆ. ಹಳೆಯ ಗಿರಾಕಿಗಳಿಗೆ ಫೋನ್ ಮಾಡಿದ್ದೇನೆ, ಟೆಂಪೋದವನೂ ಬರುತ್ತಾನೆ. ನೀಲವ್ವಳ ಸೊಸೆಗೂ ಹೇಳಿಕಳಿಸಿದ್ದೇನೆ. "ಹಳೆ ಹಿಟ್ಟು ತಿನಿಸಿದ್ರು ಅಂತ ಇದ್ದ ನಾಲ್ಕು ಮಂದಿನೂ ಬಿಟ್ಟು ಹೋದ್ರ?" ಎಂದು ಗಂಡ ಕೇಳಿದ. ಹೋಗಲಿ. ತಿನಿಸಿದ್ದು ಹೌದಲ್ಲ.

ನೀಲವ್ವ ಬರುತ್ತೇನೆ ಎಂದಿಲ್ಲ. ನಾನು ಚಾಳಿನ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಒಂದೇ ಮಾತು ಹೇಳಿದಳು: "ಆ ಗಾದಿನೂ ಹೇಳ್ರಿ ಅಕ್ಕಾರ. ಅದಕ್ಕ ಭಾಳ ನಕ್ಕಿದ್ರು ಎಲ್ಲಾರೂ."

ಹೇಳುತ್ತೇನೆ, ನೀಲವ್ವಾ. ನಿನಗೆ ಕುಣಿಯಲು ಬರುತ್ತಿತ್ತು. ನೆಲವೇ ಡೊಂಕಿತ್ತು. ಡೊಂಕು ಮಾಡಿದವಳು ನಾನು.