ಹೊನ್ನೂರುಸ್ವಾಮಿಯ ಬಸ್ಸು ಕುಲುಕುವುದಿಲ್ಲ

ಸಂಡೂರಿನ ಖಾಸಗಿ ಶಾಲೆಯೊಂದರ ಹಳದಿ ಬಸ್ಸಿನಲ್ಲಿ, ಸ್ಟೇರಿಂಗಿನ ಪಕ್ಕ, ದಿನಾ ಬೆಳಿಗ್ಗೆ ಒಂದು ಸ್ಟೀಲ್ ಲೋಟ ಕುಳಿತಿರುತ್ತದೆ. ಅದರ ಅಂಚಿನವರೆಗೂ ಚಹಾ. ದೋಣಿಮಲೈನ ಕ್ವಾರ್ಟರ್ಸಿನ ಬಳಿ ತುಂಬಿಸಿಕೊಂಡ ಈ ಚಹಾ, ಘಾಟಿನ ಅಷ್ಟೂ ತಿರುವು ಇಳಿದು ಶಾಲೆಯ ಗೇಟು ಮುಟ್ಟುವವರೆಗೆ ಒಂದು ಹನಿಯೂ ತುಳುಕಬಾರದು. ಅದು ಡ್ರೈವರ್ ಹೊನ್ನೂರುಸ್ವಾಮಿಯ ವ್ರತ. ಬಸ್ಸು ನಿಂತ ಮೇಲೆ ಲೋಟವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಗಟಗಟನೆ ಕುಡಿಯುತ್ತಾನೆ. ಹೀಗಾಗಿ ಆತ ಬೆಳಗಿನ ಹೊತ್ತು ಬಿಸಿ ಚಹಾ ಕುಡಿದು ವರ್ಷಗಳೇ ಆಗಿವೆ. ಕೀರ್ತಿವಂತರಿಗೆ ಇಂಥ ಸಣ್ಣಪುಟ್ಟ ಕಷ್ಟ ಇದ್ದದ್ದೇ.

ಊರು ಕಂಪ್ಲಿ ಹತ್ತಿರದ ಮೆಟ್ರಿ. ಮೀಸೆ ಮೂಡುವ ಮೊದಲೇ ಕಬ್ಬಿನ ಟ್ರ್ಯಾಕ್ಟರ್ ಹತ್ತಿದವನು. ಗಣಿಯ ಧೂಳು ಹೊಸಪೇಟೆಯವರೆಗೂ ಹಾರುತ್ತಿದ್ದ ಕಾಲದಲ್ಲಿ ಅದಿರಿನ ಲಾರಿ ಹೊಡೆದ. ಗಣಿ ಬಂದಾಗಿ, ಧೂಳು ತಣ್ಣಗಾಗಿ ಲಾರಿಗಳು ಸಾಲಾಗಿ ನಿಂತಾಗ, "ಅದಿರು ಮಾತಾಡಂಗಿಲ್ಲ, ಹುಡುಗ್ರು ಮಾತಾಡ್ತಾವ. ಅಷ್ಟ ಫರಕು" ಎನ್ನುತ್ತ ಶಾಲೆಯ ಬಸ್ಸಿಗೆ ಬಂದ. ಅಂದಿನಿಂದ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಯಾವ ಡ್ರೈವರ್ ಸಿಕ್ಕರೂ ಹಿಡಿದು ನಿಲ್ಲಿಸಿ ಹೇಳುವ ಮಾತು ಒಂದೇ: "ನನ್ನ ಗಾಡ್ಯಾಗ ಇಲ್ಲೀತನಕ ಒಂದು ಕೂಸೂ ವಾಂತಿ ಮಾಡಿಲ್ಲ ನೋಡಪ." ಕೇಳಿದವರು ತಮ್ಮ ಬಸ್ಸು ಹೊರಟಿತೆಂದು ಓಡುತ್ತಿದ್ದರು, ಹೊರಡದಿದ್ದರೂ.

ಈ ಜೂನಿನಲ್ಲಿ ದೇವಿಕಾ ಬಂದಳು. ಅವಳಪ್ಪ ಹುಲಿಗೇಶ್ ಕಮಲಾಪುರದವನು, ಗಣಿಯಲ್ಲಿ ವೆಲ್ಡಿಂಗ್ ಕೆಲಸ ಸಿಕ್ಕು ಹೆಂಡತಿ ಮಗಳೊಂದಿಗೆ ಬೆಟ್ಟ ಹತ್ತಿದ್ದ. ಬಾಳೆತೋಟದ ಸಪಾಟು ನೆಲದಲ್ಲಿ ಬೆಳೆದ ಹುಡುಗಿಗೆ ಘಾಟಿನ ರಸ್ತೆ ಹೊಸದು. ಊರಿಂದ ಅಜ್ಜಿ ದ್ಯಾಮಕ್ಕ ಫೋನಿನಲ್ಲೇ ವೈದ್ಯ ಹೇಳಿದಳು: "ಖಾಲಿ ಹೊಟ್ಟ್ಯಾಗ ಬಸ್ ಹತ್ತಬ್ಯಾಡವ್ವ, ತಲಿ ತಿರುಗ್ತೈತಿ. ಮಂಡಕ್ಕಿ ವಗ್ಗರಣಿ, ಮಿರ್ಚಿ ಗಟ್ಯಾಗಿ ತಿನಕೊಂಡು ಹೋಗು." ದೇವಿಕಾ ಅಜ್ಜಿಯ ಮಾತು ಮೀರುವವಳಲ್ಲ. ಗಟ್ಟಿಯಾಗಿ ತಿಂದಳು. ಎರಡನೆಯ ತಿರುವಿನಲ್ಲಿ ಅಜ್ಜಿಯ ವೈದ್ಯವೆಲ್ಲ ಬಸ್ಸಿನ ನೆಲಕ್ಕೆ ಬಂತು.

ಹೊನ್ನೂರುಸ್ವಾಮಿಗೆ ಮಗುವಿನ ಹೊಟ್ಟೆಗಿಂತ ಮೊದಲು ನೆನಪಾದದ್ದು ತನ್ನ ಹೆಸರು. ಕನ್ನಡಿಯಲ್ಲಿ ಕಣ್ಣು ಕೆಂಪಗೆ ಮಾಡಿ ಕೇಳಿದ: "ಯಾರಲೇ ಅದು, ವಗ್ಗರಣಿ ಪಾರ್ಟಿ? ನನ್ನ ಡ್ರೈವಿಂಗಿಗೆ ವಾಂತಿ ಬರಾಕ ಸಾಧ್ಯನ ಇಲ್ಲ. ನಿನ್ನ ಹೊಟ್ಟೀನ ಸರಿಯಿಲ್ಲ."

ಬಸ್ಸು ನಗೆಯಿಂದ ಬಿರಿಯಿತು. ಆ ಕ್ಷಣದಿಂದ ದೇವಿಕಾಳ ಹೆಸರು ವಗ್ಗರಣಿ. ಹಿಂದಿನ ಸೀಟಿನ ರಾಣಿ, ಏಳನೇ ಕ್ಲಾಸಿನ ಶಾಂಭವಿ, ದಿನಾ ಮೂಗು ಹಿಡಿದು ಮುಂದಿನ ಸೀಟಿನತ್ತ ಕೂಗುತ್ತಿದ್ದಳು: "ವಗ್ಗರಣೀ, ಇವತ್ತು ಮಂಡಕ್ಕೀನೋ, ಅವಲಕ್ಕೀನೋ?" ದೇವಿಕಾ ಕೇಳಿಸದವಳ ಹಾಗೆ ಮಡಿಲಲ್ಲಿ ಪ್ಲಾಸ್ಟಿಕ್ ಚೀಲಗಳ ಕಟ್ಟು ಇಟ್ಟುಕೊಂಡು ಕಿಟಕಿಗೆ ಮುಖ ಒತ್ತಿ ಕೂರುತ್ತಿದ್ದಳು.

ಒಂದು ಶುಕ್ರವಾರ ಸಂಜೆ ಹುಲಿಗೇಶ್ ಸ್ಟಾಪಿನಲ್ಲಿ ಕಾದಿದ್ದ. "ಸೋಮವಾರದಿಂದ ಆಕಿ ಬರಂಗಿಲ್ರಿ. ಕಮಲಾಪುರದಾಗ ನಮ್ಮವ್ವನ ಹತ್ರ ಬಿಡ್ತೀವಿ, ಅಲ್ಲೇ ಓದ್ಲಿ. ರಾತ್ರಿಯೆಲ್ಲಾ ಅಳ್ತಾಳ."

"ಯಾಕಪ, ಇಷ್ಟಕ್ಕ?"

"ಇಷ್ಟಕ್ಕ ಅಂದ್ರ ಹೆಂಗ್ರಿ. ಅವ್ವ ಅಪ್ಪನ ಬಿಟ್ಟು ಇರಾಕ ಆಕಿಗೇನು ಖುಷಿ ಐತೇನು. ಆದ್ರ ಬಸ್ಸಿಗಿಂತ ಅದ ಬೇಸಂತ." ಹುಲಿಗೇಶ್ ಜಗಳಕ್ಕೆ ಬಂದಿರಲಿಲ್ಲ, ಅದೇ ಹೊನ್ನೂರುಸ್ವಾಮಿಗೆ ಕಷ್ಟವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ನಾಳೆ ಒಂದಿನ ಕಳಸು, ಪುಸ್ತಕ ತರಾಕರ ಬರ್ಲಿ" ಎಂದಷ್ಟೇ ಹೇಳಿದ.

ಹುಲಿಗೇಶ್ ಮಗಳನ್ನು ಕರೆದುಕೊಂಡು ಹೋದ ಮೇಲೆ, ಉಳಿದ ಮಕ್ಕಳಿಗೆ ಒಂದು ಭಾಷಣ ಬಿಗಿದ. ಬಡಪಾಯಿಗಳನ್ನು ಹಂಗಿಸಬಾರದು, ಮನುಷ್ಯನಿಗೆ ಕರುಣೆ ಇರಬೇಕು, ತಾನು ಲಾರಿ ಹೊಡೆಯುವಾಗ ನಾಯಿ ಅಡ್ಡ ಬಂದರೂ ಬ್ರೇಕ್ ಹಾಕುತ್ತಿದ್ದ, ಇತ್ಯಾದಿ. ಶಾಂಭವಿ ಪೂರ್ತಿ ಕೇಳಿ ಕೈ ಎತ್ತಿದಳು. "ಮಾಮಾ, ವಗ್ಗರಣಿ ಅಂತ ಹೆಸ್ರು ಇಟ್ಟವ್ರು ನೀವ ಅಲ್ರೀ?"

ಭಾಷಣ ಅಲ್ಲಿಗೇ ಮುಗಿಯಿತು. ಶಾಂಭವಿಯನ್ನು ಬೈಯುವಂತೆಯೂ ಇರಲಿಲ್ಲ. ಹಿಂದಿನ ವಾರವಷ್ಟೇ ಹೆಡ್‌ಮಾಸ್ತರ್ ವಿಜಯಕುಮಾರ್ ನಡೆಸಿದ ಪ್ರಬಂಧ ಸ್ಪರ್ಧೆಯಲ್ಲಿ, 'ಪ್ರಾಣಿಗಳ ಮೇಲೆ ದಯೆ' ಎಂಬ ವಿಷಯಕ್ಕೆ ಅವಳಿಗೇ ಮೊದಲ ಬಹುಮಾನ ಬಂದಿತ್ತು. ಕಪ್ಪು ಹಿಡಿದು ಬಸ್ಸು ಹತ್ತಿದವಳು ಮೊದಲು ಆಡಿದ ಮಾತು: "ಏ ವಗ್ಗರಣೀ, ಸರಕೋ."

ಆ ರಾತ್ರಿ ಹೊನ್ನೂರುಸ್ವಾಮಿ ಏನು ಯೋಚಿಸಿದನೋ, ಶಿಕ್ಷಣ ತಜ್ಞರು ಒಪ್ಪುವಂಥದ್ದನ್ನಂತೂ ಅಲ್ಲ. ಶನಿವಾರ ಬೆಳಿಗ್ಗೆ ಬಸ್ಸು ಎಂದಿಗಿಂತ ನಿಧಾನವಾಗಿ ಹೊರಟಿತು. ಆದರೆ ತಿರುವು ತಿರುವಿಗೂ ಸಣ್ಣಗೆ ಬ್ರೇಕು, ಸಣ್ಣಗೆ ಎಕ್ಸಿಲೇಟರು, ಮತ್ತೆ ಬ್ರೇಕು; ಕೂಸಿನ ತೊಟ್ಟಿಲು ತೂಗಿದ ಹಾಗೆ, ಸ್ವಲ್ಪ ಉಲ್ಟಾ. ಲೋಟದ ಚಹಾ ಮೊದಲು ನಡುಗಿತು, ಆಮೇಲೆ ಅವನ ಪ್ಯಾಂಟಿಗೆ ಬಂತು. ಹೊನ್ನೂರುಸ್ವಾಮಿ ಹಲ್ಲು ಕಚ್ಚಿ ಸಹಿಸಿದ. ಅವತ್ತಾದರೂ ಚಹಾ ಬಿಸಿಯಾಗಿತ್ತೆಂಬುದು ಅವನಿಗೆ ಗೊತ್ತಾಯಿತು.

ಹಿಂದಿನ ಸೀಟಿನವರು ಮೊದಲು ಕಿಟಕಿ ತೆರೆದರು. ನಂತರ ಶಾಂಭವಿ, "ಮಾಮಾ, ಜಲ್ದಿ ನಿಂದ್ರಸ್ರಿ" ಎಂದಳು. ನಿಲ್ಲಿಸುವಷ್ಟರಲ್ಲಿ ತಡವಾಗಿತ್ತು. ಅವಳನ್ನು ನೋಡಿ ಪಕ್ಕದವಳು, ಪಕ್ಕದವಳನ್ನು ನೋಡಿ ಅವಳ ಪಕ್ಕದವನು. ಅರ್ಧ ಬಸ್ಸು ಬಗ್ಗಿತು.

ಬಗ್ಗದೆ ಇದ್ದವಳು ದೇವಿಕಾ. ಊರಿಗೆ ಹೋಗಬೇಕಲ್ಲ ಎಂಬ ಸಂಕಟದಲ್ಲಿ ಅವತ್ತು ಏನೂ ತಿಂದಿರಲಿಲ್ಲ. ಅವಳು ಎದ್ದಳು, ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ ಸೀಟು ಸೀಟಿಗೂ ಕೊಡುತ್ತ ಹಿಂದೆ ಹೋದಳು. ಶಾಂಭವಿಯ ಜಡೆಯನ್ನು ಹಿಂದಕ್ಕೆ ಎತ್ತಿ ಹಿಡಿದು, "ತಲಿ ಎತ್ತಬ್ಯಾಡ. ಮೂಗಿಂದ ಉಸಿರು ತಗೋ. ಇನ್ನೊಂದು ಸಲ ಬರ್ತೈತಿ, ಹೆದರಬ್ಯಾಡ" ಎಂದಳು. ಇನ್ನೊಂದು ಸಲ ಬಂತು. ದೇವಿಕಾ ಜಡೆ ಬಿಡಲಿಲ್ಲ.

ಹೊನ್ನೂರುಸ್ವಾಮಿಗೆ ಇದೇ ತಕ್ಕ ಸಮಯವೆನಿಸಿತು. ಸೀಟಿನಿಂದ ಎದ್ದು ಗಂಟಲು ಸರಿಮಾಡಿಕೊಂಡ. "ನೋಡ್ರಿ ಮಕ್ಕಳಾ, ಈಗರ ತಿಳೀತ—"

"ಮಾಮಾ, ಸುಮ್ನಿರ್ರಿ" ಎಂದಳು ದೇವಿಕಾ. "ಮಾತು ಕೇಳಿದ್ರ ಇನ್ನೂ ಜಾಸ್ತಿ ಆಗ್ತೈತಿ."

ಆತ ಕುಳಿತ.

ಶಾಲೆಯಲ್ಲಿ ವಿಜಯಕುಮಾರ್ ಮಾಸ್ತರರು ಕೊಡದಲ್ಲಿ ನೀರು ತರಿಸಿದರು, ಆಮೇಲೆ ಡ್ರೈವರನ್ನು ಕರೆಸಿದರು. "ಏನ್ರೀ ಇದು? ಬೆಳಿಗ್ಗೆ ಏನು ತಿಂದ್ರಂತೆ ಮಕ್ಕಳು?"

ಉತ್ತರ ಬಾಯಿಗೆ ಸಿದ್ಧವಾಗಿ ಬಂದಿತ್ತು, ಮಕ್ಕಳ ಹೊಟ್ಟೆಯೇ ಸರಿಯಿಲ್ಲವೆಂದು. ಬಾಗಿಲಲ್ಲಿ ದೇವಿಕಾ ಟಿಸಿ ಅರ್ಜಿ ಹಿಡಿದು ನಿಂತಿದ್ದಳು. "ಅವರದೇನಿಲ್ರಿ ಸರ್" ಎಂದ ಹೊನ್ನೂರುಸ್ವಾಮಿ, ಮೀನಿನ ಮುಳ್ಳು ನುಂಗಿದವನಂತೆ. "ನನ್ನ ಡ್ರೈವಿಂಗು." ಮಾಸ್ತರರು ಅವನಿಗೆ ಮೆಮೊ ಕೊಟ್ಟರು. ಶಾಂಭವಿ ಎಲ್ಲಿಂದಲೋ ಬಂದು, ಅರ್ಜಿಯನ್ನು ದೇವಿಕಾಳ ಕೈಯಿಂದ ತೆಗೆದುಕೊಂಡು, "ಸೋಮವಾರ ಒಂದಿನ ಬಾರಲೇ, ನನ್ನ ಪಕ್ಕ ಕುಂದ್ರು" ಎಂದಳು.

ಸೋಮವಾರ ಅವಳು ಬಂದಳು, ತಿಂದುಕೊಂಡೇ. ಅಜ್ಜಿಯ ಆಜ್ಞೆ ಇನ್ನೂ ಜಾರಿಯಲ್ಲಿತ್ತು. ತಿರುವಿನ ಹತ್ತಿರ ಶಾಂಭವಿಯ ದನಿ ಕೇಳಿತು: "ಮಾಮಾ, ನಿಂದ್ರಸ್ರಿ." ಬಸ್ಸು ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ಶಾಂಭವಿ ದೇವಿಕಾಳನ್ನು ಇಳಿಸಿಕೊಂಡು ಹೋದಳು. ಉಳಿದ ಮಕ್ಕಳೂ ಇಳಿದು, ಯಾರೂ ಹೇಳದೆಯೇ ಅವಳಿಗೆ ಬೆನ್ನು ಮಾಡಿ ಸಾಲಾಗಿ ನಿಂತು, ಎದುರಿನ ಕೆಂಪು ಬೆಟ್ಟವನ್ನು ಇಂದೇ ಮೊದಲು ಕಂಡವರಂತೆ ನೋಡತೊಡಗಿದರು.

ಹಿಂದೆ ಅದಿರಿನ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ಡ್ರೈವರ್ ತಲೆ ಹೊರಹಾಕಿದ. "ಏನಾತ್ರಿ ಸ್ವಾಮಿ? ಗಾಡಿ ಕೈ ಕೊಡ್ತೇನು?"

ಹೊನ್ನೂರುಸ್ವಾಮಿ ಇಳಿದು ರಸ್ತೆಯ ನಡುವೆ ನಿಂತ. "ಗಾಡಿ ಮಸ್ತ್ ಐತಪ. ನಾ ಹೊಡಿಯಾ ರೀತಿಗೆ ಹುಡುಗ್ರಿಗೆ ಹೊಟ್ಟಿ ತೊಳಸ್ತೈತಿ. ಸ್ವಲ್ಪ ತಡೀತೈತಿ, ಹಾರ್ನ್ ಬಂದ್ ಮಾಡಿ ಕುಂದ್ರು."